ರದ್ದಿ ಆಯುವವಳ ದಿನಚರಿ ಮತ್ತು ನಮ್ಮ ವಿಮರ್ಶೆ

ದಿನಚರಿ ಬರೆಯೋದು ಹೊಟ್ಟೆ ತುಂಬಿದವರ ಹವ್ಯಾಸ ಅನ್ನೋ ಮಾತು ನಮ್ಮ ಸಂಘಟನೆಗಳ ಒಳಗೂ ಇದೆ. ಹೋರಾಟಕ್ಕೆ ಕರಪತ್ರ ಸಾಕು, ಅಲ್ಲಿ ‘ನಾನು’ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ನವ್ಯರ ‘ನಾನು’ವಿನಿಂದ ಬೇಸತ್ತವರಿಗೆ ಈ ಅನುಮಾನ ಬರೋದು ಸಹಜವೇ. ಆದರೆ ಯಾರ ‘ನಾನು’ ಅನ್ನೋದನ್ನು ಮೊದಲು ಕೇಳಬೇಕಲ್ಲ? ಈ ಪ್ರಶ್ನೆ ಇಟ್ಟುಕೊಂಡು ಬ್ರೆಜಿಲಿನ ಕಪ್ಪು ಹೆಣ್ಣುಮಗಳು ಕರೋಲಿನಾ ಮರಿಯಾ ದೆ ಜೆಸುಸ್ ಬರೆದ ದಿನಚರಿಯನ್ನು ನೋಡೋಣ.

ಈಕೆ ಹುಟ್ಟಿದ್ದು 1914ರಲ್ಲಿ, ಮಿನಾಸ್ ಜೆರಾಯ್ಸ್ ಪ್ರಾಂತ್ಯದ ಸಾಕ್ರಮೆಂತೊ ಊರಿನಲ್ಲಿ. ಬ್ರೆಜಿಲ್ ಗುಲಾಮಗಿರಿಯನ್ನು ರದ್ದು ಮಾಡಿ ಆಗ 26 ವರ್ಷವಷ್ಟೇ ಆಗಿತ್ತು. ಶಾಲೆಗೆ ಹೋಗಿದ್ದು ಎರಡು ವರ್ಷ. ಮನೆಗೆಲಸ ಮಾಡುತ್ತ ಸಾವೊ ಪಾವ್ಲೊ ನಗರ ಸೇರಿದಳು. ತಿಯೆಟೆ ನದಿ ದಂಡೆಯ ಕನಿಂದೆ ಕೊಳೆಗೇರಿಯಲ್ಲಿ ಹಲಗೆ, ತಗಡು ಜೋಡಿಸಿ ಗುಡಿಸಲು ಹಾಕಿಕೊಂಡಳು. ಗಂಡ ಇಲ್ಲ, ಮೂರು ಮಕ್ಕಳು. ಬೀದಿಯಲ್ಲಿ ರದ್ದಿ ಕಾಗದ, ಕಬ್ಬಿಣದ ಚೂರು ಆಯ್ದು ಮಾರಿದರೆ ಅವತ್ತಿನ ಕೂಳು. ಆ ರದ್ದಿಯಲ್ಲೇ ಸಿಕ್ಕ ನೋಟ್‌ಬುಕ್ಕುಗಳ ಖಾಲಿ ಹಾಳೆಗಳ ಮೇಲೆ ಈಕೆ ಬರೆದಳು. ಅಚ್ಚಾದ ದಿನಚರಿ 1955ರ ಜುಲೈ 15ರಿಂದ ಶುರುವಾಗುತ್ತದೆ. ಅವತ್ತು ಮಗಳ ಹುಟ್ಟುಹಬ್ಬ. ಜೋಡು ಕೊಡಿಸೋಕೆ ದುಡ್ಡಿಲ್ಲ. ಕಸದಲ್ಲಿ ಸಿಕ್ಕ ಜೋಡನ್ನೇ ತೊಳೆದು ರಿಪೇರಿ ಮಾಡಿ ಮಗಳ ಕಾಲಿಗೆ ಹಾಕಿದಳು.

ಯಾಕೆ ಬರೆದಳು? ಬರಹ ಅವಳ ಕೈಯಲ್ಲಿದ್ದ ಆಯುಧ. ಕೇರಿಯ ಜನ ಜಗಳಕ್ಕೆ ಬಂದರೆ ನಿಮ್ಮನ್ನೆಲ್ಲ ಪುಸ್ತಕದಲ್ಲಿ ಹಾಕ್ತೀನಿ ಅಂತ ಹೆದರಿಸುತ್ತಿದ್ದಳು. 1958ರಲ್ಲಿ ಕನಿಂದೆಗೆ ವರದಿ ಮಾಡಲು ಬಂದ ಪತ್ರಕರ್ತ ಔದಾಲಿಯೊ ದಾಂತಾಸ್ ಕಿವಿಗೆ ಬಿದ್ದದ್ದೂ ಇದೇ ಬೆದರಿಕೆ. ಮಕ್ಕಳ ಉಯ್ಯಾಲೆಗಳನ್ನು ದೊಡ್ಡ ಗಂಡಸರು ಹಿಡಿದುಕೊಂಡು ಕೂತಿದ್ದರು, ಈಕೆ ಅವರ ಮೇಲೆ ಕೂಗಾಡುತ್ತಿದ್ದಳು. ಯಾವ ಪುಸ್ತಕ ಅಂತ ಆತ ಕೇಳಿದ. ಹೀಗೆ ಹೊರಬಿದ್ದವು ಆ ನೋಟ್‌ಬುಕ್ಕುಗಳು.

ಇನ್ನೊಂದು ಕಾರಣ ಲೆಕ್ಕ. ಎಷ್ಟು ಕಾಗದ ಮಾರಿದೆ, ಎಷ್ಟು ಕಾಸು ಬಂತು, ಬ್ರೆಡ್ಡಿಗೆ ಎಷ್ಟು, ಅಕ್ಕಿ ಕಾಳಿಗೆ ಎಷ್ಟು, ಇದನ್ನು ದಿನವೂ ಬರೆಯುತ್ತಾಳೆ. ಬೆಳಗಾಗೆದ್ದು ನೀರಿಗೆ ಸಾಲು ನಿಲ್ಲೋದು, ಚೀಲ ಹೊತ್ತು ಹೊರಡೋದು, ಮಕ್ಕಳು ಹಸಿದು ಕಾಯೋದು, ಮತ್ತೆ ಮತ್ತೆ ಅದೇ. ಓದುವವರಿಗೆ ಬೇಸರವಾಗುತ್ತದೆ. ಆಗಲೇಬೇಕು! ನಮ್ಮ ಕಾದಂಬರಿಗಳಲ್ಲಿ ಹಸಿವು ಕತೆಯ ತುದಿಯಲ್ಲಿ ಒಂದು ಸಲ ಬಂದು ಕಣ್ಣೀರು ತರಿಸಿ ಹೋಗುತ್ತದೆ. ಕರೋಲಿನಾಳ ಪುಸ್ತಕದಲ್ಲಿ ಹಸಿವು ದಿನಾ ಬರುತ್ತದೆ. ಗುಲಾಮಗಿರಿ ರದ್ದಾದ ದಿನ ಮೇ 13. 1958ರ ಆ ದಿನದ ಪುಟದಲ್ಲಿ ಮಳೆ ಸುರಿಯುತ್ತಿದೆ, ಮನೆಯಲ್ಲಿ ಇರೋದು ಬರೀ ಕಾಳು, ಉಪ್ಪು. ಕಾನೂನು ಬಿಡಿಸಿದ ಸಂಕೋಲೆ ಹಸಿವಿನ ರೂಪದಲ್ಲಿ ಹಾಗೇ ಇದೆ ಅನ್ನೋದು ಆ ಪುಟದಿಂದಲೇ ತಿಳಿಯುತ್ತದೆ. ಇದಕ್ಕೆ ಭಾಷಣ ಬೇಕಾಗಿಲ್ಲ.

ಬರಹ ನಡುವೆ ನಿಂತದ್ದೂ ಉಂಟು. ಅಚ್ಚಾದ ಪುಸ್ತಕದಲ್ಲಿ 1955ರ ಜುಲೈ ಮುಗಿದರೆ ಮುಂದಿನ ಪುಟ 1958ರ ಮೇ ತಿಂಗಳದ್ದು. ಬರೆದು ಏನು ಪ್ರಯೋಜನ, ಕಾಲಹರಣ ಅಂತ ತನಗೇ ಅನ್ನಿಸುತ್ತಿತ್ತು ಎಂದು ಆಕೆಯೇ ಹೇಳಿಕೊಂಡಿದ್ದಾಳೆ. ದಾಂತಾಸ್ ಬಂದ ಮೇಲೆ ದಿನಚರಿ ಮತ್ತೆ ಓಡುತ್ತದೆ. ಒಬ್ಬಳೇ ಕೂತು ಬರೆಯೋಕೆ ಸಿಟ್ಟು ಸಾಕು. ಬರೀತಾ ಹೋಗೋಕೆ ಓದುವವರು ಒಬ್ಬರಾದರೂ ಬೇಕು.

1960ರಲ್ಲಿ ‘ಕ್ವಾರ್ಟೊ ದೆ ದೆಸ್ಪೇಜೊ’ ಎಂಬ ಹೆಸರಿನಲ್ಲಿ ಪುಸ್ತಕ ಬಂತು. ಬೇಡದ ಸಾಮಾನು ಎಸೆಯುವ ಕೋಣೆ ಅಂತ ಅರ್ಥ. ನಗರಕ್ಕೆ ಕೊಳೆಗೇರಿ ಅಂಥ ಕೋಣೆ. ಮೊದಲ ಮುದ್ರಣದ 10,000 ಪ್ರತಿ ಕೆಲವೇ ದಿನಗಳಲ್ಲಿ ಖಾಲಿಯಾದವು. ಹತ್ತಾರು ಭಾಷೆಗೆ ಹೋಯಿತು. ಆಕೆ ಕನಿಂದೆ ಬಿಟ್ಟು ಹೊರಟ ದಿನ ನೆರೆಯವರು ಲಾರಿಗೆ ಕಲ್ಲು ತೂರಿದರು. ಇದನ್ನು ಮುಚ್ಚಿಡಬಾರದು. ತನ್ನವರನ್ನೇ ಆಕೆ ಕುಡುಕರು, ಜಗಳಗಂಟರು ಎಂದು ಹೀಗಳೆದು ಬರೆದಳು. ಓದು ಬಲ್ಲ ತಾನು ಬೇರೆ ಅನ್ನೋ ಹಮ್ಮು ಪುಟಪುಟದಲ್ಲೂ ಇದೆ. ಇದು ದಿನಚರಿಯ ದೊಡ್ಡ ಮಿತಿ. ಆದರೂ ಆ ಸಾಲುಗಳನ್ನು ತೆಗೆದು ಆಕೆಯನ್ನು ಕ್ರಾಂತಿಕಾರಿ ಮಾಡಿ ತೋರಿಸುವ ಕೆಲಸ ನಮಗೆ ಬೇಡ. ಸಂಘಟನೆ ಇಲ್ಲದ ಕಡೆ ಸಿಟ್ಟು ಪಕ್ಕದ ಗುಡಿಸಲಿನ ಕಡೆಗೇ ತಿರುಗುತ್ತದೆ ಅನ್ನೋ ಸತ್ಯವೂ ಅಲ್ಲೇ ಇದೆ.

ಇನ್ನು ಪ್ರಕಾಶಕರು, ವಿಮರ್ಶಕರ ಕತೆ. ಈಕೆ ಕವಿತೆ, ಕತೆ, ಕಾದಂಬರಿ ಬರೆದಿದ್ದಳು. 1961ರಲ್ಲಿ ತನ್ನ ಹಾಡುಗಳನ್ನು ತಾನೇ ಹಾಡಿ ಗ್ರಾಮಫೋನ್ ತಟ್ಟೆ ತಂದಳು. ಅದೇ ವರ್ಷ ಎರಡನೆಯ ದಿನಚರಿ ‘ಇಟ್ಟಿಗೆ ಮನೆ’ ಬಂದಾಗ ಅದರ ಮುನ್ನುಡಿಯಲ್ಲಿ ದಾಂತಾಸ್ ಆ ಕವಿತೆ ಕಾದಂಬರಿಗಳನ್ನು ಒಳಗಿಟ್ಟುಬಿಡು ಎಂದು ಬುದ್ಧಿ ಹೇಳಿದ. ಆತನಿಂದ ಉಪಕಾರವಾಗಿದೆ, ನಿಜ. ಆದರೆ ಉಪಕಾರ ಮಾಡಿದವನೇ ಗಡಿಯನ್ನೂ ಹಾಕಿದ: ಹಸಿವು ನಿನ್ನದು, ಕಲೆ ನಿನ್ನದಲ್ಲ. ಹಸಿವಿನ ಪುಸ್ತಕ ಕೊಂಡ ಜನ ಇಟ್ಟಿಗೆ ಮನೆಯ ಪುಸ್ತಕ ಅಷ್ಟಾಗಿ ಕೊಳ್ಳಲಿಲ್ಲ. ದಿನಚರಿಯನ್ನೇ ಆಕೆ ಬರೆದಿರಲಾರಳು, ದಾಂತಾಸನೇ ಬರೆದಿರಬೇಕು ಎಂದು ಶಂಕಿಸಿದ ವಿಮರ್ಶಕರೂ ಇದ್ದರು. 1977ರಲ್ಲಿ ಊರಾಚೆಯ ಪುಟ್ಟ ಜಮೀನಿನಲ್ಲಿ ಬಡವಿಯಾಗಿಯೇ ಸತ್ತಳು. 2017ರಲ್ಲಿ ರಿಯೊ ನಗರದಲ್ಲಿ ಆಕೆಯ ಗೌರವಕ್ಕೆಂದು ಕರೆದ ಸಭೆಯಲ್ಲೇ ಇದು ಸಾಹಿತ್ಯವಲ್ಲ ಎಂದು ಒಬ್ಬ ಪ್ರಾಧ್ಯಾಪಕರು ಹೇಳಿದರು. 2021ರಲ್ಲಿ ರಿಯೊ ವಿಶ್ವವಿದ್ಯಾಲಯ ಸತ್ತವಳಿಗೆ ಗೌರವ ಡಾಕ್ಟರೇಟು ಕೊಟ್ಟಿತು.

ಈ ರಾಗ ನಮಗೇನು ಹೊಸದೇ? ದಲಿತರ ಆತ್ಮಕತೆಗಳನ್ನು ‘ಅನುಭವದ ದಾಖಲೆ’ ಎಂದು ಹೊಗಳಿ ಬಾಗಿಲಾಚೆ ಕೂರಿಸೋದನ್ನು ನಾವೂ ಕಂಡಿದ್ದೇವೆ. ನಮ್ಮ ಪತ್ರಿಕೆಗಳಿಗೂ ಈ ಚಾಳಿ ಅಂಟಬಹುದು. ಕೇರಿಯ ಹುಡುಗ ಮಳೆ ಬಗ್ಗೆ, ಪ್ರೀತಿ ಬಗ್ಗೆ ಬರೆದು ತಂದರೆ ನೋವಿನದು ಏನಾದರೂ ಇದ್ದರೆ ಕೊಡಪ್ಪ ಅಂತ ವಾಪಸು ಕಳಿಸೋದು ಅದೇ ದಾಂತಾಸನ ಮುನ್ನುಡಿ.

ಕರೋಲಿನಾಳಿಗೆ ಸರಿಯಾದ ಉತ್ತರ ಸಿಕ್ಕಿದ್ದು ಬೇರೆ ಕಡೆಯಿಂದ. ಬೆಲೊ ಹೊರಿಜಾಂತೆಯ ಕೊಳೆಗೇರಿಯಲ್ಲಿ ಬಟ್ಟೆ ಒಗೆದು ಬದುಕುತ್ತಿದ್ದ ಒಬ್ಬ ತಾಯಿ ಈ ಪುಸ್ತಕ ಓದಿ ತಾನೂ ದಿನಚರಿ ಬರೆಯಲು ಕೂತಳು. ಆಕೆಯ ಮಗಳೇ ಇವತ್ತು ಬ್ರೆಜಿಲಿನ ದೊಡ್ಡ ಲೇಖಕಿ ಕಾನ್ಸೆಯ್ಸಾವ್ ಎವರಿಸ್ತೊ. ನಮ್ಮಂಥವಳೇ ಬರೆದಿದ್ದಾಳೆ, ಹಾಗಾದರೆ ನಾನೂ ಬರೆಯಬಹುದು ಅನ್ನೋ ಧೈರ್ಯ ಯಾವ ವಿಮರ್ಶಕನೂ ಕೊಟ್ಟದ್ದಲ್ಲ.

ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ ಒಂದು ಮಾತು. ಮಕ್ಕಳ ಹಳೇ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ರದ್ದಿಗೆ ಹಾಕಬೇಡಿ. ಹೊಲಿದು ಅವರ ಕೈಗೇ ಕೊಡಿ. ಇವತ್ತು ಏನು ಉಂಡೆ, ಯಾರು ಬೈದರು, ಏನು ಕನಸು ಬಿತ್ತು, ಅವರಿಗೆ ತೋಚಿದ್ದನ್ನು ಬರೆಯಲಿ. ಕಾಗುಣಿತ ಆಮೇಲೆ ತಿದ್ದೋಣ. ಮೊದಲು ಓದೋಣ.