ಕಲ್ಯಾಣದ ಬಾಗಿಲು: ಮಂಟೇಸ್ವಾಮಿ ಕಾವ್ಯ ಮತ್ತು ನೀಲಗಾರರ ಕಥನಪರಂಪರೆ

ಶಿವಶರಣರ ಚರಿತ್ರೆಯು ಕನ್ನಡ ನಾಡಿನಲ್ಲಿ ಎರಡು ದಾರಿಗಳಿಂದ ಮುಂದಿನ ತಲೆಮಾರುಗಳಿಗೆ ಸಾಗಿಬಂದಿದೆ. ಒಂದು ಓಲೆಗರಿಯ ದಾರಿ. ಹರಿಹರನ ರಗಳೆಗಳು, ಭೀಮಕವಿಯ ಬಸವಪುರಾಣ, ಶೂನ್ಯಸಂಪಾದನೆಗಳು ಈ ದಾರಿಯಲ್ಲಿ ಬಂದವು. ಇನ್ನೊಂದು ಬಾಯಿಂದ ಬಾಯಿಗೆ ಹರಿದ ಕಥನದ ದಾರಿ. ದಕ್ಷಿಣ ಕರ್ನಾಟಕದ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವು ಈ ಎರಡನೆಯ ದಾರಿಯ ಬಹುಮುಖ್ಯ ಕೃತಿ. ಮೊದಲನೆಯದಕ್ಕೆ ವಿದ್ವಾಂಸರ ಮನ್ನಣೆ ಎಂದಿನಿಂದಲೂ ಇದೆ. ಎರಡನೆಯದನ್ನು ಕುರಿತು ಭಕ್ತರಲ್ಲಿ ಒಂದು ಅಸಮಾಧಾನ ಉಳಿದುಬಂದಿದೆ: ಅದು ಚರಿತ್ರೆಗೆ ವಿರುದ್ಧ, ಶರಣರಿಗೆ ಅಗೌರವ ತರುವಂಥದು ಎಂದು. ಈ ಆಕ್ಷೇಪವು ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದು ವಿಚಾರಾರ್ಹವಾಗಿದೆ.

ಮಂಡ್ಯ ಜಿಲ್ಲೆಯ ಬೊಪ್ಪೇಗೌಡನಪುರ, ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು, ಮೈಸೂರು ಜಿಲ್ಲೆಯ ಕಪ್ಪಡಿ ಇವು ಈ ಪರಂಪರೆಯ ಮುಖ್ಯ ಕ್ಷೇತ್ರಗಳು. ಚಿಕ್ಕಲ್ಲೂರಿನಲ್ಲಿ ಪುಷ್ಯಮಾಸದ ಹುಣ್ಣಿಮೆಗೆ ಚಂದ್ರಮಂಡಲೋತ್ಸವದೊಡನೆ ಜಾತ್ರೆ ಆರಂಭವಾಗುತ್ತದೆ. ನೀಲಗಾರರಲ್ಲಿ ದಲಿತರೂ ಇದ್ದಾರೆ, ಇತರ ಜಾತಿಗಳವರೂ ಇದ್ದಾರೆ. ತಂಬೂರಿ, ಗಗ್ಗರ, ಡಕ್ಕೆ, ತಾಳಗಳೊಡನೆ ಇವರು ರಾತ್ರಿಯಿಡೀ ಕಥೆ ನಡೆಸುತ್ತಾರೆ. ಕಾವ್ಯದ ಒಂದೊಂದು ಭಾಗಕ್ಕೆ ಇವರು ‘ಸಾಲು’ ಎನ್ನುತ್ತಾರೆ. ಅವುಗಳಲ್ಲಿ ಕಲ್ಯಾಣದ ಸಾಲು ಪ್ರಸ್ತುತ ವಿಚಾರಕ್ಕೆ ಮುಖ್ಯವಾದುದು.

ಈ ಸಾಲಿನ ಕಥೆ ಹೀಗಿದೆ. ಕಲ್ಯಾಣದಲ್ಲಿ ಬಸವಣ್ಣನವರ ದಾಸೋಹ ನಡೆದಿದೆ. ಅಸಂಖ್ಯಾತ ಜಂಗಮರು ನೆರೆದಿದ್ದಾರೆ. ಇವರಲ್ಲಿ ನಿಜಶರಣರಾರೆಂದು ಪರೀಕ್ಷಿಸಲು ಮಂಟೇಸ್ವಾಮಿ ಮೈ ಕೊಳೆತು ನಾರುವ ರೂಪದಲ್ಲಿ ಬಾಗಿಲಿಗೆ ಬರುತ್ತಾನೆ. ವಿಭೂತಿ ರುದ್ರಾಕ್ಷಿಗಳನ್ನು ಧರಿಸಿದವರು ಅವನನ್ನು ಕಂಡು ಹೇಸುತ್ತಾರೆ, ತಿಪ್ಪೆಗೆ ನೂಕುತ್ತಾರೆ. ಕೊನೆಗೆ ಅವನನ್ನು ಗುರುತಿಸಿ ಶರಣೆನ್ನುವವರು ಬಸವಣ್ಣ ಮತ್ತು ನೀಲಮ್ಮ.

ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಇಲ್ಲಿ ಕಾಲವ್ಯತ್ಯಾಸವಿರುವುದು ನಿಜ. ಮಂಟೇಸ್ವಾಮಿಯು ಬಸವಣ್ಣನವರ ಕಾಲಕ್ಕಿಂತ ಶತಮಾನಗಳ ಅನಂತರದವನೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಆದರೆ ನೀಲಗಾರರು ಮಂಟೇಸ್ವಾಮಿಯನ್ನು ಅಲ್ಲಮಪ್ರಭುವೆಂದೇ ಕರೆಯುವುದು ಗಮನಾರ್ಹ. ಈ ಮಾತನ್ನು ಅಜ್ಞಾನವೆಂದು ಬದಿಗೊತ್ತದೆ ಶೂನ್ಯಸಂಪಾದನೆಯ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿಯೂ ಪ್ರಭುದೇವರು ಸಿದ್ಧರಾಮನೊಡನೆ ಕಲ್ಯಾಣಕ್ಕೆ ಬಂದು ಮಹಾಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಬಸವಣ್ಣನವರು ಒಳಗೆ ಲಿಂಗಪೂಜೆಯಲ್ಲಿರುತ್ತಾರೆ. ಕರೆ ಬಂದರೂ ಪ್ರಭು ಒಳಹೋಗುವುದಿಲ್ಲ. ಬಾಗಿಲಿಗೆ ಬಂದ ಜಂಗಮವನ್ನು ಎದುರುಗೊಳ್ಳದ ಪೂಜೆ ಎಂಥದೆಂಬ ಪ್ರಶ್ನೆ ಏಳುತ್ತದೆ. ಚೆನ್ನಬಸವಣ್ಣನವರು ತಪ್ಪನ್ನು ಎತ್ತಿ ತೋರಿಸುತ್ತಾರೆ. ಬಸವಣ್ಣನವರೇ ಹೊರಗೆ ಬರಬೇಕಾಗುತ್ತದೆ. ಎರಡೂ ಕೃತಿಗಳಲ್ಲಿರುವುದು ಒಂದೇ ಬಾಗಿಲು, ಒಂದೇ ಪರೀಕ್ಷೆ. ಶೂನ್ಯಸಂಪಾದನೆಯಾದರೂ ಹನ್ನೆರಡನೆಯ ಶತಮಾನದ ವರದಿಯಲ್ಲ. ಹದಿನೈದನೆಯ ಶತಮಾನದಿಂದ ಈಚೆಗೆ ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಈ ನಾಲ್ವರು ವಚನಗಳನ್ನು ಸಂವಾದವಾಗಿ ಜೋಡಿಸಿ ಮರಳಿ ಮರಳಿ ಕಟ್ಟಿದ ಕಥನವದು. ಓಲೆಗರಿಯವರಿಗೆ ಸಂದ ಈ ಸ್ವಾತಂತ್ರ್ಯವು ತಂಬೂರಿಯವರಿಗೆ ಏಕೆ ಸಲ್ಲಬಾರದು?

ಎರಡಕ್ಕೂ ಇರುವ ವ್ಯತ್ಯಾಸವು ಇನ್ನೂ ಹೆಚ್ಚಿನದನ್ನು ತಿಳಿಸುತ್ತದೆ. ಶೂನ್ಯಸಂಪಾದನೆಯಲ್ಲಿ ಬಾಗಿಲಲ್ಲಿ ನಿಂತವನು ಜ್ಞಾನದ ಕಾರಣದಿಂದ ಹೊರಗುಳಿದಿದ್ದಾನೆ. ನೀಲಗಾರರ ಕಾವ್ಯದಲ್ಲಿ ಅವನನ್ನು ಹೊರಗಿಟ್ಟದ್ದು ಮೈಯ ನಾತ. ಊರಿನ ಎಷ್ಟೋ ಬಾಗಿಲುಗಳ ಹೊರಗೆ ನಿಂತು ಬಲ್ಲ ಜನರ ನಡುವಿನಿಂದ ಬಂದ ಗಾಯಕನು ಈ ಸಾಲನ್ನು ಹಾಡುವಾಗ ಕಲ್ಯಾಣದ ಬಾಗಿಲು ಅವನ ಊರಿನ ಬಾಗಿಲೂ ಆಗುತ್ತದೆ. ಇಲ್ಲಿ ನಿಂದೆಗೆ ಗುರಿಯಾದದ್ದು ಶರಣತತ್ತ್ವವಲ್ಲ, ಲಾಂಛನ ಧರಿಸಿ ತತ್ತ್ವವನ್ನು ಮರೆತ ನಡತೆ. ಇದೇ ವಿಮರ್ಶೆ ವಚನಗಳಲ್ಲಿಯೂ ಹೇರಳವಾಗಿದೆ. ಬಸವಣ್ಣ ನೀಲಮ್ಮರು ಪರೀಕ್ಷೆಯಲ್ಲಿ ಗೆಲ್ಲುವುದರಿಂದ ಕವಿಯ ನಿಷ್ಠೆ ಯಾವ ಕಡೆಗಿದೆ ಎಂಬುದರಲ್ಲಿ ಸಂದೇಹವುಳಿಯುವುದಿಲ್ಲ.

ಇಂಥ ಕಾವ್ಯ ತಲೆಮಾರಿನಿಂದ ತಲೆಮಾರಿಗೆ ದಾಟುವ ಬಗೆಯೂ ವಿಮರ್ಶಕನು ಅರಿಯಬೇಕಾದದ್ದು. ಹೊಸಬನು ಮೊದಲು ಕಥೆ ಹೇಳುವುದಿಲ್ಲ. ಹಿಮ್ಮೇಳದಲ್ಲಿ ಕುಳಿತು ಸೊಲ್ಲಿಗೆ ಸೊಲ್ಲು ಸೇರಿಸುತ್ತಾನೆ. ಹಿರಿಯನು ಒಂದು ಸಾಲನ್ನು ಎಲ್ಲಿ ಹಿಗ್ಗಿಸುತ್ತಾನೆ, ಎಲ್ಲಿ ಮಾತಿಗಿಳಿಯುತ್ತಾನೆ, ಯಾವ ಎಡೆಯಲ್ಲಿ ಕೇಳುಗರು ಕಣ್ಣೀರು ಒರೆಸಿಕೊಳ್ಳುತ್ತಾರೆ ಎಂಬುದನ್ನೆಲ್ಲ ಸೊಲ್ಲು ಹಿಡಿಯುತ್ತಲೇ ಕಲಿಯುತ್ತಾನೆ. ಮುದ್ರಿತ ಪುಟದಲ್ಲಿ ಬೇಸರ ತರಿಸುವ ಪುನರುಕ್ತಿಯು ಹಾಡುಗಾರಿಕೆಯಲ್ಲಿ ಮುಂದಿನ ನುಡಿಯನ್ನು ಕಟ್ಟಿಕೊಳ್ಳಲು ಮುಖ್ಯ ಗಾಯಕನಿಗೆ ಬಿಡುವು, ಕಲಿಯುವವನಿಗೆ ಪಾಠ. ಅದನ್ನು ಕಾವ್ಯದೋಷವೆಂದೆಣಿಸುವುದು ಸಲ್ಲದು.

ಕಾವ್ಯವೂ ಈ ಸಂಬಂಧಕ್ಕೆ ಒಂದು ಹೆಸರು ಕೊಟ್ಟಿದೆ: ಶಿಶುಮಗ. ಪಾಂಚಾಳರ ಮನೆಯ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಶುಮಗನಾಗಿ ಪಡೆದು ಸಿದ್ದಪ್ಪಾಜಿಯನ್ನಾಗಿಸುತ್ತಾನೆ; ಹಲಗೂರಿಗೆ ಹೋಗಿ ಅಲ್ಲಿನ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ತರುವಂತೆ ಕಳುಹುತ್ತಾನೆ. ಹೆತ್ತವರ ಸಂಕಟ, ಬಂಧುಗಳ ಒರೆಗೆ ಸಿಕ್ಕ ಶಿಷ್ಯನ ಪಾಡು ಇವುಗಳಿಂದ ಈ ಭಾಗವು ಕಾವ್ಯದಲ್ಲಿಯೇ ಅತ್ಯಂತ ಮನಕಲಕುವುದಾಗಿದೆ. ರಕ್ತಸಂಬಂಧವನ್ನು ಮೀರಿದ ಉತ್ತರಾಧಿಕಾರವನ್ನು ಹೇಳುವ ಈ ಕಥೆಯು ಹಾಡುವ ಗುರುಶಿಷ್ಯರ ಸ್ವಂತ ಕಥೆಯೂ ಹೌದು.

ಕಾವ್ಯದ ಮಿತಿಗಳನ್ನು ಮರೆಮಾಚಬೇಕಾಗಿಲ್ಲ. ಪ್ರಭುವಿನ ಬೆಡಗು, ಶೂನ್ಯದ ಸೂಕ್ಷ್ಮ ಜಿಜ್ಞಾಸೆ ಇಲ್ಲಿ ಬಹುಮಟ್ಟಿಗೆ ಪವಾಡವಾಗಿ ಮಾರ್ಪಟ್ಟಿವೆ. ತತ್ತ್ವವನ್ನು ಅರಸುವವನು ವಚನಗಳಿಗೇ ಹೋಗಬೇಕು. ಆದರೆ ಆ ತತ್ತ್ವವು ಅಕ್ಷರವಿಲ್ಲದವರ ಬಾಳಿನಲ್ಲಿ ಯಾವ ರೂಪ ತಾಳಿ ಉಳಿಯಿತೆಂಬುದನ್ನು ಅರಿಯಲು ಈ ಕಾವ್ಯಕ್ಕೇ ಬರಬೇಕು.

ಜೀ. ಶಂ. ಪರಮಶಿವಯ್ಯನವರು ವೃತ್ತಿಗಾಯಕರ ಪರಂಪರೆಗಳನ್ನು ಅಧ್ಯಯನದ ಬೆಳಕಿಗೆ ತಂದರು. ಹಿ. ಚಿ. ಬೋರಲಿಂಗಯ್ಯನವರ ಸಂಪಾದನೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1997ರಲ್ಲಿ ಈ ಕಾವ್ಯವನ್ನು ಪ್ರಕಟಿಸಿತು. ಎಚ್. ಎಸ್. ಶಿವಪ್ರಕಾಶರು ಇದರಿಂದ ಪ್ರೇರಿತರಾಗಿ ‘ಮಂಟೇಸ್ವಾಮಿ ಕಥಾಪ್ರಸಂಗ’ವೆಂಬ ನಾಟಕವನ್ನು ರಚಿಸಿದರು. ಹಾಡು ಗ್ರಂಥಕ್ಕೂ ರಂಗಭೂಮಿಗೂ ದಾರಿಯಾದದ್ದು ಸಂತೋಷದ ಸಂಗತಿಯೇ. ಆದರೆ ಮುದ್ರಿತ ಪಾಠವು ಒಂದು ಹಾಡಿಕೆಯ ದಾಖಲೆ ಮಾತ್ರ. ಅದನ್ನೇ ಪ್ರಮಾಣವೆಂದು ಹಿಡಿದು, ನಾಳೆ ಹಾಡುವವನ ಬಾಯಲ್ಲಿ ಬೇರೆ ನುಡಿ ಬಂದರೆ ತಪ್ಪೆಂದು ತಿದ್ದಹೊರಟರೆ ಪರಂಪರೆಯು ಅಲ್ಲಿಗೆ ನಿಲ್ಲುತ್ತದೆ.

ಸಾಹಿತ್ಯದ ವಿದ್ಯಾರ್ಥಿಯು ಈ ಗ್ರಂಥವನ್ನು ಓದಿದ ಮೇಲೆ ಒಂದು ರಾತ್ರಿಯಾದರೂ ನೀಲಗಾರರ ಮುಂದೆ ಕುಳಿತು ಕೇಳಬೇಕು. ಮುಖ್ಯ ಗಾಯಕನೊಡನೆ ಹಿಮ್ಮೇಳದ ಕಿರಿಯನನ್ನೂ ಗಮನಿಸಬೇಕು. ಇನ್ನು ಭಕ್ತನು, ನಾರುವ ಮೈಯವನು ತನ್ನ ಬಾಗಿಲಿಗೆ ಬಂದಾಗ ತಾನು ಬಸವಣ್ಣ ನೀಲಮ್ಮರ ಸಾಲಿಗೆ ಸೇರುವೆನೋ ನೂಕಿದವರ ಸಾಲಿಗೋ ಎಂದು ತನ್ನನ್ನು ಕೇಳಿಕೊಂಡರೆ, ಕಲ್ಯಾಣದ ಸಾಲಿನ ಉದ್ದೇಶವು ಈಡೇರಿದಂತಾಗುತ್ತದೆ.