ದೂರದರ್ಶನದ ಮಹಾಭಾರತವೂ ‘ಮೂಲ’ದ ವಾದವೂ

ಒಂದು ಕಥೆಯು ಗ್ರಂಥವನ್ನು ಬಿಟ್ಟು ದೃಶ್ಯಮಾಧ್ಯಮವನ್ನು ಸೇರಿದೊಡನೆಯೇ ಅದರ ಅಭಿಮಾನಿಗಳಿಂದ ಬರುವ ಮೊದಲನೆಯ ಆಕ್ಷೇಪಣೆ ‘ಮೂಲದಲ್ಲಿ ಹೀಗಿಲ್ಲ’ ಎಂಬುದು. ಆಕ್ಷೇಪಿಸುವವರು ಯಾವ ಮೂಲವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆಂದು ಕೇಳಿದರೆ ಮಾತ್ರ ಉತ್ತರವು ಅಷ್ಟು ಸುಲಭವಾಗಿ ಹೊರಡುವುದಿಲ್ಲ. 2020ರ ಬೇಸಗೆಯಲ್ಲಿ ಮಹಾಭಾರತದ ಧಾರಾವಾಹಿಯನ್ನು ಕುರಿತು ನಮ್ಮ ನಾಡಿನಲ್ಲಿ ನಡೆದ ಚರ್ಚೆಯನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಬೇಕೆಂಬುದು ನಮ್ಮ ಉದ್ದೇಶ.

ಆ ವರ್ಷದ ಮಾರ್ಚ್ ತಿಂಗಳಲ್ಲಿ ಕೊರೋನಾ ಸಾಂಕ್ರಾಮಿಕದ ನಿಮಿತ್ತ ದೇಶವೆಲ್ಲ ಮನೆಯೊಳಗೆ ಕುಳಿತಾಗ ದೂರದರ್ಶನವು ತನ್ನ ಹಳೆಯ ರಾಮಾಯಣ, ಮಹಾಭಾರತಗಳನ್ನು ಮತ್ತೆ ಪ್ರಸಾರ ಮಾಡಿತು. ಹೊಸ ಚಿತ್ರೀಕರಣವು ನಿಂತುಹೋಗಿದ್ದುದರಿಂದ ಕನ್ನಡದ ವಾಹಿನಿಗಳಿಗೂ ಕಥೆಗಳ ಬರ ಬಂದಿತ್ತು. ಮೇ ತಿಂಗಳಲ್ಲಿ ಸ್ಟಾರ್ ಸುವರ್ಣ ವಾಹಿನಿಯು, 2013 ಮತ್ತು 2014ರಲ್ಲಿ ಹಿಂದಿಯಲ್ಲಿ ಪ್ರಸಾರವಾಗಿದ್ದ ಸಿದ್ಧಾರ್ಥ ಕುಮಾರ್ ತಿವಾರಿಯವರ ಮಹಾಭಾರತವನ್ನು ಕನ್ನಡದ ಮಾತಿನಲ್ಲಿ ತೋರಿಸತೊಡಗಿತು. ಇದರ ಹಿನ್ನೆಲೆಯಲ್ಲಿ ಒಂದು ದೀರ್ಘ ವಿವಾದವುಂಟು. ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಹಚ್ಚಬಾರದೆಂಬ ಅಲಿಖಿತ ನಿಷೇಧವು 1960ರ ದಶಕದಿಂದ ಈ ನಾಡಿನಲ್ಲಿ ನಡೆದುಬಂದಿತ್ತು. 2012ರಲ್ಲಿ ‘ಸತ್ಯಮೇವ ಜಯತೇ’ ಎಂಬ ಕಾರ್ಯಕ್ರಮವು ಕನ್ನಡದಲ್ಲಿ ಬಾರದೆ ಹೋದುದು ಈ ಕಾರಣದಿಂದಲೇ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಇಂಥ ತಡೆಯನ್ನು ಅನುಚಿತವೆಂದು ತೀರ್ಮಾನಿಸಿದ ಮೇಲೆ ಬಾಗಿಲು ನಿಧಾನವಾಗಿ ತೆರೆಯಿತು. ಆದುದರಿಂದ 2020ರ ಮಹಾಭಾರತವನ್ನು ಕನ್ನಡಿಗರು ಕಥೆಯೆಂದು ಮಾತ್ರವಲ್ಲದೆ ಒಂದು ಮೊಕದ್ದಮೆಯ ಫಲವೆಂದೂ ನೋಡಿದರು. ಕಲಾವಿದರ ಜೀವನೋಪಾಯದ ಪ್ರಶ್ನೆಯು ಗಂಭೀರವಾದದ್ದೇ. ಆದರೆ ಅದು ಬೇರೆ ಲೇಖನದ ವಿಷಯ.

ಆ ದಿನಗಳಲ್ಲಿ ನಾವು ಆಳಂದ ತಾಲ್ಲೂಕಿನ ಭೂಸನೂರಿನಲ್ಲಿದ್ದೆವು. ತೊಗರಿಯ ಹೊಲಗಳ, ಸಕ್ಕರೆ ಕಾರ್ಖಾನೆಯ ಈ ಊರಿಗೆ ಮಹಾರಾಷ್ಟ್ರದ ಗಡಿಯು ದೂರವಲ್ಲ. ದೂರದರ್ಶನದ ಇತಿಹಾಸದಲ್ಲಿ ಈ ಸೀಮೆಗೆ ಒಂದು ವಿಶೇಷ ಸ್ಥಾನವುಂಟೆಂಬುದನ್ನು ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಅರಿಯರು. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮಗಳನ್ನು ತೋರಿಸಿದ ಪ್ರಯೋಗದಲ್ಲಿ ಕರ್ನಾಟಕದಿಂದ ಆಯ್ಕೆಯಾದವು ಗುಲಬರ್ಗಾ, ವಿಜಾಪುರ, ರಾಯಚೂರು ಜಿಲ್ಲೆಗಳು. 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನದ ಪ್ರಸಾರವು ಆರಂಭವಾಯಿತು. ಬೆಂಗಳೂರಿಗೆ ಅದು ಬಂದುದು 1981ರಲ್ಲಿ. ಹಿಂದುಳಿದ ಪ್ರದೇಶವೆಂದು ಹೆಸರಾದ ಈ ಭಾಗವು ಈ ಒಂದು ವಿಷಯದಲ್ಲಿ ರಾಜಧಾನಿಗಿಂತ ಮುಂದಿತ್ತು. ನಿಜಾಮರ ಆಳ್ವಿಕೆಯ ಫಲವಾಗಿ ಉರ್ದುಮಿಶ್ರಿತ ಮಾತು ಇಲ್ಲಿನವರ ಕಿವಿಗೆ ಹೊಸದಲ್ಲವಾದ ಕಾರಣ 1988ರ ಅಕ್ಟೋಬರ್ 2ರಿಂದ 1990ರ ಜೂನ್‌ವರೆಗೆ ಬಂದ ಬಿ. ಆರ್. ಚೋಪ್ರಾ ಅವರ ಹಿಂದಿ ಮಹಾಭಾರತವೂ ಇಲ್ಲಿ ಪರಕೀಯವಾಗಿ ತೋರಲಿಲ್ಲ. ಭಾನುವಾರದ ಮುಂಜಾನೆ ಇದ್ದ ಒಂದೆರಡು ಪೆಟ್ಟಿಗೆಗಳ ಮುಂದೆ ಓಣಿಯೇ ಸೇರುತ್ತಿದ್ದುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ.

ಹೀಗಿರಲು 2020ರಲ್ಲಿ ಊರಿನ ಕಟ್ಟೆಯ ಮೇಲೆ ಒಂದಲ್ಲ, ಹಲವು ಮಹಾಭಾರತಗಳ ಪಕ್ಷಪಾತಿಗಳು ಎದುರಾದುದು ಸಹಜವೇ. ನಡುವಯಸ್ಸಿನವರಿಗೆ ಚೋಪ್ರಾ ಅವರದೇ ಪ್ರಮಾಣ. ಹೊಸದರ ಒಡವೆ, ಅರಮನೆ, ಮೈಕಟ್ಟುಗಳು ಅವರಿಗೆ ಹಗುರವಾಗಿ ಕಂಡವು. ತರುಣರಿಗೆ ಹಳೆಯದು ಬಣ್ಣಗೆಟ್ಟ ಪರದೆಯ ನಾಟಕ. ಕಾಲೇಜಿನ ಒಬ್ಬಿಬ್ಬರು ಭೈರಪ್ಪನವರ ‘ಪರ್ವ’ವನ್ನು ಓದಿದ್ದರು, ಬಾಣಗಳು ಆಕಾಶದಲ್ಲಿ ಒಂದನ್ನೊಂದು ನುಂಗುವುದನ್ನು ಕಂಡರೆ ಅವರಿಗೆ ನಗು. ಇವರೆಲ್ಲರ ನಡುವೆ ದೊಡ್ಡಾಟದಲ್ಲಿ ಅನೇಕ ವರ್ಷ ಪಾತ್ರ ಮಾಡಿದ್ದ ವೃದ್ಧರೊಬ್ಬರು ಕುಳಿತಿದ್ದರು. ದ್ರೌಪದಿಯ ವಸ್ತ್ರಾಪಹರಣದ ಪ್ರಸಂಗದ ಮಾತು ಬಂದಾಗ ಅವರು, ಮಯಸಭೆಯಲ್ಲಿ ದ್ರೌಪದಿ ನಕ್ಕಳೇ ಹೊರತು ಕೌರವನಿಗೆ ಕೆಟ್ಟ ಮಾತನಾಡಲಿಲ್ಲವೆಂದರು. ಹದಿನೈದು ಹದಿನಾರರ ಹುಡುಗನೊಬ್ಬ ಕೂಡಲೇ, “ಹಂಗಲ್ಲ ಕಾಕಾ, ಟೀವ್ಯಾಗ ಬೇರೆ ಅದ” ಎಂದ. ವೃದ್ಧರು ವಾದಿಸಲಿಲ್ಲ. “ಇದ್ದೀತು” ಎಂದು ಸುಮ್ಮನಾದರು.

ಆ ಒಂದು ಮಾತು ನಮ್ಮನ್ನು ಬಹಳ ಕಾಲ ಕಾಡಿದೆ. ಏಕೆಂದರೆ ಸರಿಯಾದವರು ವೃದ್ಧರೇ. ಮಯನ ಸಭೆಯಲ್ಲಿ ನೆಲವೆಂದು ಭ್ರಮಿಸಿ ನೀರಿಗೆ ಬಿದ್ದ ದುರ್ಯೋಧನನನ್ನು ಕಂಡು ನಗುವವರು ಸಂಸ್ಕೃತ ಭಾರತದ ನಿರೂಪಣೆಯಲ್ಲಿ ಮುಖ್ಯವಾಗಿ ಭೀಮಾದಿಗಳು. ದ್ರೌಪದಿಯೂ ಸ್ತ್ರೀಯರೊಡನೆ ನಕ್ಕಳೆಂಬುದು ಆಮೇಲೆ ದುರ್ಯೋಧನನು ತಂದೆಯ ಮುಂದೆ ಹೇಳಿಕೊಳ್ಳುವ ದೂರಿನಲ್ಲಿ ಬರುತ್ತದೆ. ‘ಕುರುಡನ ಮಗ ಕುರುಡ’ ಎಂದು ಅವಳು ಮೂದಲಿಸುವ ಮಾತು ಅಲ್ಲಿಲ್ಲ. ಅದನ್ನು ಮನೆಮನೆಗೆ ಮುಟ್ಟಿಸಿದುದು ಚೋಪ್ರಾ ಅವರ ಧಾರಾವಾಹಿ. ಇಂದು ಯಾವ ತರಗತಿಯಲ್ಲಿ ಬೇಕಾದರೂ ಕುರುಕ್ಷೇತ್ರ ಯುದ್ಧಕ್ಕೆ ಕಾರಣವೇನೆಂದು ಕೇಳಿದರೆ ಒಬ್ಬನಾದರೂ ದ್ರೌಪದಿಯ ನಾಲಗೆಯೆಂದು ಹೇಳುತ್ತಾನೆ. ಇತಿಹಾಸದ ಅಧ್ಯಾಪಕರಾದ ನಮಗೆ ಕಾರಣಗಳ ವಿಚಾರವು ವೃತ್ತಿಯ ವಿಚಾರ. ರಾಜ್ಯದ ಉತ್ತರಾಧಿಕಾರದ ತೊಡಕು, ಕುಲದ ಒಡಕು, ರಾಜಸೂಯದಿಂದ ಹುಟ್ಟಿದ ಮತ್ಸರ, ದ್ಯೂತದ ಸಭೆಯಲ್ಲಿ ಹಿರಿಯರ ಮೌನ, ಇವೆಲ್ಲವೂ ಕೂಡಿ ಉಂಟಾದ ವಿನಾಶವನ್ನು ಒಬ್ಬ ಹೆಣ್ಣಿನ ಒಂದು ವಾಕ್ಯಕ್ಕೆ ಇಳಿಸಿದರೆ ಸಭೆಯಲ್ಲಿ ಕುಳಿತಿದ್ದವರೆಲ್ಲರೂ ಅರ್ಧ ನಿರಪರಾಧಿಗಳಾಗುತ್ತಾರೆ. ಗ್ರಂಥದಲ್ಲಿಲ್ಲವೆಂಬುದಕ್ಕಿಂತ ಹೆಚ್ಚಾಗಿ ಈ ಕಾರಣದಿಂದಲೇ ಆ ವಾಕ್ಯವು ದೋಷವೆಂಬುದು ನಮ್ಮ ಅಭಿಪ್ರಾಯ.

ಗ್ರಂಥದಲ್ಲಿಲ್ಲವೆಂಬುದೊಂದೇ ದೋಷವಾಗುವುದಾದರೆ ಉಳಿಯುವ ಭಾರತವೆಷ್ಟು? ಪುಣೆಯ ಭಾಂಡಾರಕರ ಸಂಸ್ಥೆಯ ಪಂಡಿತರು ಸುಕ್ಥಣಕರರ ನೇತೃತ್ವದಲ್ಲಿ ನೂರಾರು ಹಸ್ತಪ್ರತಿಗಳನ್ನು ಹೋಲಿಸಿ 1933ರಲ್ಲಿ ಆದಿಪರ್ವವನ್ನು ಪೂರ್ಣಗೊಳಿಸಿದರು. ಇಡೀ ಕಾರ್ಯವು ಮುಗಿದುದು 1966ರಲ್ಲಿ. ಆ ಸಂಶೋಧಿತ ಪಾಠದಲ್ಲಿ ಗಣಪತಿಯು ವ್ಯಾಸರ ಲಿಪಿಕಾರನಾದ ಕಥೆಗೆ ಸ್ಥಾನವಿಲ್ಲ. ಸ್ವಯಂವರದಲ್ಲಿ ದ್ರೌಪದಿಯು ಕರ್ಣನನ್ನು ಸೂತನೆಂದು ತಿರಸ್ಕರಿಸುವ ಮಾತು ಅಡಿಟಿಪ್ಪಣಿಗೆ ಸರಿದಿದೆ. ವಸ್ತ್ರಾಪಹರಣದಲ್ಲಿ ಸೀರೆ ಅಕ್ಷಯವಾಗುವುದುಂಟು, ಆದರೆ ಕೃಷ್ಣನಿಗೆ ಮಾಡಿದ ಮೊರೆಯು ಪ್ರಕ್ಷಿಪ್ತವೆಂದು ಬಿಟ್ಟುಹೋಗಿದೆ. ಆ ಮೊರೆಯನ್ನು ತೆಗೆದುಹಾಕಿದ ಭಾರತವನ್ನು ಭೂಸನೂರಿನಲ್ಲಾಗಲಿ ಗದುಗಿನಲ್ಲಾಗಲಿ ಯಾರೂ ಭಾರತವೆಂದು ಒಪ್ಪರು. ಪಂಡಿತರ ಶ್ರಮವನ್ನು ಹಳಿಯುವುದು ನಮ್ಮ ಇಂಗಿತವಲ್ಲ. ಅವರು ಹುಡುಕಿದುದು ಹಸ್ತಪ್ರತಿಗಳ ಹಿಂದಿರುವ ಅತ್ಯಂತ ಹಳೆಯ ಪಾಠವನ್ನು. ಜನರು ಬದುಕಿದ ಕಥೆಯನ್ನಲ್ಲ.

ಕನ್ನಡದ ಮಟ್ಟಿಗಂತೂ ಮೂಲನಿಷ್ಠೆಯು ಎಂದೂ ಕಾವ್ಯದ ಅಳತೆಗೋಲಾಗಿರಲಿಲ್ಲ. ಕ್ರಿ.ಶ. 941ರಲ್ಲಿ ಪಂಪನು ವಿಕ್ರಮಾರ್ಜುನ ವಿಜಯವನ್ನು ಬರೆದಾಗ ಅವನ ಆಶ್ರಯದಾತನಾದ ವೇಮುಲವಾಡದ ಅರಿಕೇಸರಿಯು ರಾಷ್ಟ್ರಕೂಟರ ಸಾಮಂತ. ಆ ಚಕ್ರವರ್ತಿಗಳ ರಾಜಧಾನಿಯಾದ ಮಾನ್ಯಖೇಟವು ನಮ್ಮ ಜಿಲ್ಲೆಯ ಮಳಖೇಡವೇ. ಪಂಪನ ದ್ರೌಪದಿಯು ಅರ್ಜುನನೊಬ್ಬನ ಹೆಂಡತಿ. ಕೊನೆಯಲ್ಲಿ ಪಟ್ಟವಾಗುವುದು ಧರ್ಮರಾಯನಿಗಲ್ಲ, ಅರ್ಜುನನಿಗೆ, ಪಕ್ಕದಲ್ಲಿ ಸುಭದ್ರೆ. ಇದಕ್ಕಿಂತ ದೊಡ್ಡ ಬದಲಾವಣೆಯನ್ನು ಯಾವ ವಾಹಿನಿಯೂ ಮಾಡಿಲ್ಲ! ರನ್ನನು ಭೀಮನನ್ನು ನಾಯಕನನ್ನಾಗಿ ಮಾಡಹೊರಟು ದುರ್ಯೋಧನನಿಗಾಗಿ ನಮ್ಮ ಕಣ್ಣಲ್ಲಿ ನೀರು ತರಿಸುತ್ತಾನೆ. ಹಳ್ಳಿಗಳಲ್ಲಿ ಪುರಾಣವಾಗಿ ಓದಿಸಿಕೊಂಡ ಲಕ್ಷ್ಮೀಶನ ಜೈಮಿನಿ ಭಾರತದ ಚಂದ್ರಹಾಸನು ವ್ಯಾಸಭಾರತದವನೇ ಅಲ್ಲ. ಆದರೂ ಇವರಾರನ್ನೂ ನಾವು ಮೂಲದ್ರೋಹಿಗಳೆಂದು ಕರೆದಿಲ್ಲ.

ಹಾಗಾದರೆ ಪಂಪನಿಗೆ ಕೊಟ್ಟ ಸ್ವಾತಂತ್ರ್ಯವನ್ನು ಧಾರಾವಾಹಿಗೆ ಏಕೆ ಕೊಡಬಾರದೆಂದು ವಾಚಕರು ಕೇಳಬಹುದು. ಕೊಡಬೇಕು. ಆದರೆ ಪಂಪನು ತಾನು ವ್ಯಾಸನಲ್ಲವೆಂದು ಮೊದಲೇ ಹೇಳಿಕೊಳ್ಳುತ್ತಾನೆ. ತನ್ನ ಅರಸನನ್ನು ಅರ್ಜುನನೊಡನೆ ಹೋಲಿಸಿ ಕಥೆ ಹೇಳುತ್ತೇನೆಂದು ಸಭೆಗೆ ತಿಳಿಸಿಯೇ ಮುಂದುವರಿಯುತ್ತಾನೆ. ಕೇಳುವವನಿಗೆ ಇದು ಒಬ್ಬ ಕವಿಯ ಭಾರತವೆಂಬ ಅರಿವು ತಪ್ಪುವುದಿಲ್ಲ. ದೊಡ್ಡಾಟವು ಇದನ್ನೇ ಇನ್ನೊಂದು ಬಗೆಯಲ್ಲಿ ಸಾಧಿಸುತ್ತದೆ. ಅಲ್ಲಿ ಕಿರೀಟ ಭುಜಕೀರ್ತಿಗಳನ್ನು ತೊಟ್ಟ ಪಾತ್ರವು ರಂಗಕ್ಕೆ ಬಂದು ಕುಣಿದು ನಿಂತಾಗ ಸಾರಥಿಯು ಎದುರು ಬಂದು ನೀವು ಯಾರು, ಯಾವ ಊರು, ಏಕೆ ಬಂದಿರೆಂದು ವಿಚಾರಿಸುತ್ತಾನೆ. ಎಂಥ ಚಕ್ರವರ್ತಿಯಾದರೂ ಅವನಿಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಸಾರಥಿಯು ಹಾಸ್ಯ ಮಾಡುತ್ತಾನೆ, ಸಂಶಯಪಡುತ್ತಾನೆ, ನೋಡುವವರ ಪರವಾಗಿ ಕೇಳಬೇಕಾದುದನ್ನು ಕೇಳುತ್ತಾನೆ. ದುಃಶಾಸನನನ್ನೂ ಒಂದು ಕ್ಷಣ ನಿಲ್ಲಿಸಿ ಪ್ರಶ್ನಿಸುವ ಈ ಏರ್ಪಾಡು ಬಹು ಜಾಣತನದ್ದೆಂದು ನಮಗೆ ತೋರುತ್ತದೆ.

ಚೋಪ್ರಾ ಅವರ ಭಾರತದಲ್ಲಿ ಸಾರಥಿಯ ಸ್ಥಾನದಲ್ಲಿ ‘ಸಮಯ’ವಿದೆ. ಕಾಲಪುರುಷನೇ ಧ್ವನಿಯಾಗಿ, ತಾನೇ ಕಣ್ಣಾರೆ ಕಂಡವನಾಗಿ ಕಥೆ ಹೇಳುತ್ತಾನೆ. ಸಂಭಾಷಣೆಗಳನ್ನು ಬರೆದ ರಾಹಿ ಮಾಸೂಮ್ ರಜಾ ಪ್ರತಿಭಾವಂತ ಕಾದಂಬರಿಕಾರರು. ಮುಸ್ಲಿಮರೊಬ್ಬರು ಮಹಾಭಾರತವನ್ನು ಬರೆಯುವುದೆಂತು ಎಂಬ ಕ್ಷುದ್ರ ಆಕ್ಷೇಪಣೆಯನ್ನು ಎದುರಿಸಿ ಬರೆದವರು. ಕಲ್ಪನೆಯೂ ಭವ್ಯವಾದದ್ದೇ. ಆದರೆ ಕಾಲನನ್ನು ಯಾರು ಪ್ರಶ್ನಿಸಬೇಕು? ಕಾಲನು ಹೇಳಿದುದು ಸಾಕ್ಷ್ಯವಾಗಿಬಿಡುತ್ತದೆ. ‘ಇದು ರಜಾ ಅವರ ಭಾರತ’ ಎಂಬ ಅರಿವು ಮರೆಯಾಗುತ್ತದೆ. 2013ರ ಧಾರಾವಾಹಿಯಲ್ಲಿ ಆ ಪೀಠವು ಕೃಷ್ಣನಿಗೆ ದೊರೆತಿದೆ. ಕಥೆಯನ್ನು ನಡುವೆ ನಿಲ್ಲಿಸಿ ನೋಡುವವರತ್ತ ತಿರುಗಿ ಅವನು ಕೊಡುವ ಉಪದೇಶಗಳನ್ನು ಅನೇಕರು ಬಹುವಾಗಿ ಮೆಚ್ಚಿದ್ದಾರೆ. ನಮಗೆ ಅವು ರುಚಿಸಲಿಲ್ಲವೆಂದು ಸ್ಪಷ್ಟವಾಗಿ ಹೇಳಬೇಕು. ಭಾರತದ ಕೃಷ್ಣನು ಮಾತಿಗಿಂತ ನಡತೆಯಿಂದ ನಮ್ಮನ್ನು ಗೊಂದಲಕ್ಕೀಡುಮಾಡುವವನು. ಪ್ರತಿಯೊಂದು ಸಂದರ್ಭಕ್ಕೂ ಒಂದು ಹಿತವಚನವನ್ನು ಅಂಟಿಸಿದರೆ ಆ ಗೊಂದಲದ ಬೆಲೆಯೇ ಹೋಗುತ್ತದೆ. ಕನ್ನಡದ ಮಾತು ಹಚ್ಚಿದವರ ಭಾಷೆ ಮಾತ್ರ ತಕ್ಕಮಟ್ಟಿಗೆ ಶುದ್ಧವಾಗಿಯೂ ಗಂಭೀರವಾಗಿಯೂ ಇದ್ದುದನ್ನು ಒಪ್ಪಬೇಕು.

ಅಸ್ತ್ರಗಳ ಅದ್ಭುತವನ್ನು ಕುರಿತು ‘ಪರ್ವ’ದ ಓದುಗರು ಮಾಡಿದ ಪರಿಹಾಸವು ನಮಗೆ ಅಷ್ಟು ಸಮಂಜಸವೆನಿಸದು. 1979ರಲ್ಲಿ ಪ್ರಕಟವಾದ ಆ ಕಾದಂಬರಿಯು ದೈವಿಕವನ್ನೆಲ್ಲ ಕಳಚಿ ಕಥೆಯನ್ನು ಮಾನವಶಾಸ್ತ್ರದ ನೆಲದ ಮೇಲೆ ನಿಲ್ಲಿಸಿತು. ಅದೂ ಒಂದು ರೂಪಾಂತರವೇ. ಅದನ್ನೇ ‘ನಿಜವಾಗಿ ನಡೆದುದು’ ಎಂದು ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಬರೆಯುವುದನ್ನು ನಾವು ಕಂಡಿದ್ದೇವೆ. ಧಾರಾವಾಹಿಯನ್ನು ನಂಬುವ ಹುಡುಗನಿಗೂ ಇವರಿಗೂ ಭೇದವೇನೂ ಇಲ್ಲ.

ಪಾಶ್ಚಾತ್ಯರಲ್ಲಿಯೂ ಈಚೆಗೆ ಇಂಥದೇ ಒಂದು ಕಲಹ ನಡೆಯಿತು. ಜಾರ್ಜ್ ಆರ್. ಆರ್. ಮಾರ್ಟಿನ್ ಎಂಬ ಅಮೆರಿಕದ ಲೇಖಕರ ಅದ್ಭುತ ಕಥಾಮಾಲೆಯ ಮೊದಲನೆಯ ಸಂಪುಟವು 1996ರಲ್ಲಿಯೂ ಐದನೆಯದು 2011ರಲ್ಲಿಯೂ ಹೊರಬಂದವು. ಅದನ್ನಾಧರಿಸಿದ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯು ಆರನೆಯ ಸಂಪುಟ ಬರುವುದಕ್ಕೆ ಮೊದಲೇ ಗ್ರಂಥವನ್ನು ದಾಟಿ ಮುಂದೆ ಹೋಗಿ 2019ರಲ್ಲಿ ಮುಗಿಯಿತು. ಮುಕ್ತಾಯವು ಹಿಡಿಸದ 15 ಲಕ್ಷಕ್ಕೂ ಹೆಚ್ಚು ಮಂದಿ ಕೊನೆಯ ಭಾಗವನ್ನು ಹೊಸದಾಗಿ ತೆಗೆಯಬೇಕೆಂದು ಮನವಿಗೆ ಸಹಿ ಹಾಕಿದರು. ಕನ್ನಡಿಗರಿಗೆ ಈ ಸನ್ನಿವೇಶವು ಅಪರಿಚಿತವಲ್ಲ. ಕುಮಾರವ್ಯಾಸನು ಹತ್ತು ಪರ್ವಗಳಿಗೆ, ಗದಾಪರ್ವದ ಬಳಿ ನಿಲ್ಲಿಸಿದನು. ಉಳಿದ ಎಂಟನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಪೂರೈಸಿದನು. ತಿಮ್ಮಣ್ಣನ ಮೇಲೆ ಯಾರೂ ಮನವಿ ಹೊರಡಿಸಲಿಲ್ಲ; ಜನರು ಅವನನ್ನು ಹೆಚ್ಚಾಗಿ ಓದಲಿಲ್ಲ, ಅಷ್ಟೆ. ಇದು ಹೆಚ್ಚು ಸಭ್ಯವೋ ಹೆಚ್ಚು ಕ್ರೂರವೋ ಹೇಳುವುದು ಕಷ್ಟ.

ಕಟ್ಟೆಯ ಮೇಲೆ ವಾದಿಸಿದ ಹುಡುಗನು ಕೆಲವು ದಿನಗಳ ಮೇಲೆ ನಮ್ಮಲ್ಲಿಗೆ ಬಂದು, ಕಾಕಾ ಹೇಳಿದುದು ಎಲ್ಲಿ ಬರೆದಿದೆಯೆಂದು ಕೇಳಿದನು. ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿ 1958ರಲ್ಲಿ ಮೈಸೂರು ಸರ್ಕಾರವು ಪ್ರಕಟಿಸಿದ ಕರ್ಣಾಟ ಭಾರತ ಕಥಾಮಂಜರಿಯ ಪ್ರತಿಯನ್ನು ಅವನ ಕೈಗೆ ಕೊಟ್ಟು, ಸಭಾಪರ್ವವನ್ನು ವೃದ್ಧರ ಎದುರಿಗೇ ಕುಳಿತು ಓದಬೇಕೆಂದು ಹೇಳಿದೆವು. ಷಟ್ಪದಿಯನ್ನು ಒಡೆದು ಓದುವುದು ಅವನಿಗೆ ಬಾರದು. ವೃದ್ಧರಿಗೆ ಸಣ್ಣ ಅಕ್ಷರ ಕಾಣದು. ಹುಡುಗನು ಅಕ್ಷರ ಕೂಡಿಸುತ್ತಿದ್ದನು, ಅವರು ಅದನ್ನು ರಾಗಕ್ಕೆ ಹಚ್ಚಿ ಅರ್ಥ ಹೇಳುತ್ತಿದ್ದರು, ನಡುನಡುವೆ ತಮ್ಮ ಆಟದ ಮಾತನ್ನೂ ಸೇರಿಸಿಬಿಡುತ್ತಿದ್ದರು. ದೀಪಾವಳಿಯ ಹೊತ್ತಿಗೆ ಅವರು ಗದಾಪರ್ವವನ್ನು ಮುಟ್ಟಿದ್ದರು. ಮುಂದಿನದು ಎಲ್ಲಿ ಎಂದು ಹುಡುಗ ಕೇಳಿದಾಗ ತಿಮ್ಮಣ್ಣನ ಹೆಸರು ಹೇಳಿದೆವು. ಅವನ ಕೃಷ್ಣರಾಯ ಭಾರತದ ಪ್ರತಿಯೊಂದನ್ನು ಆ ಊರಿಗಾಗಿ ಇನ್ನೂ ಹುಡುಕುತ್ತಿದ್ದೇವೆ.