ಒಂದೊಂದೇ ಸಾಲು ನಡೆಸಿ ನೋಡಿ

ಟರ್ಬೊ ಸಿಯ ನೀಲಿ ಪರದೆಯ ಮುಂದೆ ಕೂತು ಕೋಡಿಂಗ್ ಕಲಿತವರಿಗೆ ಎರಡು ಒತ್ತುಗಳು ಈಗಲೂ ಬೆರಳ ತುದಿಯಲ್ಲಿರುತ್ತವೆ: ಕಂಟ್ರೋಲ್ ಎಫ್9 ಒತ್ತಿದರೆ ರನ್, ಆಲ್ಟ್ ಎಫ್5 ಒತ್ತಿದರೆ ಔಟ್‌ಪುಟ್. ಅದೇ ಕೀಬೋರ್ಡಿನ ಎಫ್7, ಎಫ್8 ಮುಟ್ಟಿದವರು ಕಡಿಮೆ. ಅವು ಡಿಬಗ್ಗರ್‌ನ ಕೀಲಿಗಳು. ಎಫ್8 ಪ್ರೋಗ್ರಾಂ ಅನ್ನು ಒಂದೊಂದೇ ಸಾಲು ಮುಂದಕ್ಕೆ ನಡೆಸುತ್ತದೆ. ಎಫ್7 ದಾರಿಯಲ್ಲಿ ಸಿಕ್ಕ ಫಂಕ್ಷನ್‌ನ ಒಳಗೂ ಕರೆದೊಯ್ಯುತ್ತದೆ. ಕಲಿಯುವವರಿಗೆ ರನ್‌ಗಿಂತ ಹೆಚ್ಚು ಬೇಕಾದದ್ದು ಈ ಎರಡು ಕೀಲಿಗಳೇ ಎಂಬುದು ನನ್ನ ಗಟ್ಟಿ ನಂಬಿಕೆ.

ಬೀದರ್‌ನಲ್ಲಿ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1980ರಲ್ಲಿ. ಈಗ ಭೀಮಣ್ಣ ಖಂಡ್ರೆ ಹೆಸರಿರುವ ಭಾಲ್ಕಿಯ ಕಾಲೇಜು 1982ರದು. ಔರಾದ್ ಕಡೆಯ ಹಳ್ಳಿಗಳ ಮಕ್ಕಳೂ ಇವತ್ತು ಕಂಪ್ಯೂಟರ್ ಸೈನ್ಸ್ ಸೀಟು ಹುಡುಕಿಕೊಂಡು ಹೊರಡುತ್ತಾರೆ. ಪಾಠ ಟರ್ಬೊ ಸಿ ದಾಟಿ ಪೈಥಾನ್‌ಗೆ ಬಂದಿದೆ. ಆದರೆ ಲ್ಯಾಬ್ ರೆಕಾರ್ಡ್‌ನಿಂದ ಪ್ರೋಗ್ರಾಂ ಬಾಯಿಪಾಠ ಮಾಡುವುದು, ಎಕ್ಸ್‌ಟರ್ನಲ್ ದಿನ ಅದನ್ನೇ ಟೈಪ್ ಮಾಡುವುದು, ಔಟ್‌ಪುಟ್ ಬಂದರೆ ನಿಟ್ಟುಸಿರು ಬಿಡುವುದು, ಈ ರೂಢಿ ರಾಜ್ಯದ ಉದ್ದಗಲಕ್ಕೂ ಇದೆ. ಒಂದು ಕಾಲೇಜಿನ ಮಾತಲ್ಲ. ಪ್ರೋಗ್ರಾಂ ಒಳಗೆ ಏನು ನಡೆಯಿತು ಎಂಬುದನ್ನು ವಿದ್ಯಾರ್ಥಿ ಕಣ್ಣಾರೆ ಕಾಣುವುದೇ ಇಲ್ಲ.

ಕಾಣಿಸುವ ಉಪಾಯ ಕಂಪ್ಯೂಟರಿನಷ್ಟೇ ಹಳೆಯದು. ಕೇಂಬ್ರಿಜ್‌ನ ಎಡ್‌ಸ್ಯಾಕ್ ಯಂತ್ರ 1949ರಲ್ಲಿ ಕೆಲಸ ಶುರು ಮಾಡಿತು. ಅದರಲ್ಲಿ ಆದೇಶಗಳನ್ನು ಒಂದೊಂದಾಗಿ ನಡೆಸುತ್ತ, ಯಾವುದು ನಡೆಯಿತೆಂದು ಮುದ್ರಿಸುತ್ತ ಹೋಗುವ ತಪಾಸಣೆಯ ವಿಧಾನವನ್ನು ಸ್ಟಾನ್ಲಿ ಗಿಲ್ 1951ರಲ್ಲೇ ವಿವರಿಸಿದ್ದರು. ಸಿ ಬರೆಯುವವರಿಗೆ 1986ರಿಂದ ರಿಚರ್ಡ್ ಸ್ಟಾಲ್‌ಮನ್ ಅವರ ಜಿಡಿಬಿ ಇದೆ. ಪೈಥಾನ್‌ನವರಿಗೆ ಪಿಡಿಬಿ ಭಾಷೆಯ ಜೊತೆಗೇ ಬರುತ್ತದೆ; ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ಇಂಟರ್ನೆಟ್ಟೂ ಬೇಡ.

ಒಂದು ಪುಟ್ಟ ಪ್ರಯೋಗ ಮಾಡೋಣ. ಔರಾದ್‌ನ ನಾಲ್ಕು ದಿನದ ಮಳೆ ಮಿಲಿಮೀಟರ್ ಲೆಕ್ಕದಲ್ಲಿ 12, 0, 0, 7 ಎಂದಿಟ್ಟುಕೊಳ್ಳಿ. ಪೈಥಾನ್ 3 ಕನ್ನಡ ಅಕ್ಷರದ ಹೆಸರನ್ನೂ ಒಪ್ಪುತ್ತದೆ, ಹಾಗಾಗಿ ಪಟ್ಟಿಗೆ ‘ಮಳೆ’ ಎಂದೇ ಹೆಸರಿಡಿ. ಮಳೆ ಬಾರದ ದಿನಗಳನ್ನು ತೆಗೆಯಲು ಒಂದು ಫಾರ್ ಲೂಪ್: ಅಂಕಿ ಸೊನ್ನೆಯಾದರೆ ಅದನ್ನು ಪಟ್ಟಿಯಿಂದ ರಿಮೂವ್ ಮಾಡು. ರನ್ ಮಾಡಿದರೆ ಎರರ್ ಬರುವುದಿಲ್ಲ. ಆದರೆ ಉಳಿಯುವುದು 12, 0, 7. ಒಂದು ಸೊನ್ನೆ ಹೋಯಿತು, ಇನ್ನೊಂದು ಹೇಗೆ ಉಳಿಯಿತು?

ಲೂಪಿನ ಮೇಲಿನ ಸಾಲಿನಲ್ಲಿ ಬ್ರೇಕ್‌ಪಾಯಿಂಟ್ ಎಂಬ ಫಂಕ್ಷನ್ ಕರೆಯಿರಿ. ಈ ಸೌಲಭ್ಯ 2018ರ ಪೈಥಾನ್ 3.7ರಿಂದ ಇದೆ. ಮತ್ತೆ ರನ್ ಮಾಡಿದರೆ ಪ್ರೋಗ್ರಾಂ ಅಲ್ಲೇ ನಿಂತು ನಿಮ್ಮ ಅಪ್ಪಣೆಗೆ ಕಾಯುತ್ತದೆ. ‘ಎನ್’ ಒತ್ತಿದರೆ ಮುಂದಿನ ಸಾಲು. ‘ಪಿ’ ಬರೆದು ಹೆಸರು ಕೊಟ್ಟರೆ ಆ ಹೆಸರಿನಲ್ಲಿರುವ ಬೆಲೆ. ಮೊದಲ ಸುತ್ತಿನಲ್ಲಿ 12. ಎರಡನೆಯ ಸುತ್ತಿನಲ್ಲಿ ಸೊನ್ನೆ. ಅದನ್ನು ತೆಗೆದ ಮೇಲೆ ಪಟ್ಟಿ 12, 0, 7 ಆಯಿತು. ಇಲ್ಲಿ ಸ್ವಲ್ಪ ತಡೆಯಿರಿ. ಮೂರನೆಯ ಸುತ್ತಿಗೆ ಏನು ಬರುತ್ತದೆಂದು ಕಾಗದದ ಮೇಲೆ ಬರೆದಿಟ್ಟು ಆಮೇಲೆ ಕೀಲಿ ಒತ್ತಿ. ಬಹಳ ಮಂದಿ ಸೊನ್ನೆ ಎಂದು ಬರೆಯುತ್ತಾರೆ. ಪರದೆಯ ಮೇಲೆ ಬರುವುದು 7. ಎರಡನೆಯ ಜಾಗ ಖಾಲಿಯಾದ ಕೂಡಲೇ ಹಿಂದಿದ್ದ ಸೊನ್ನೆ ಒಂದು ಜಾಗ ಮುಂದೆ ಸರಿದು ಅಲ್ಲಿ ಕೂತಿತು. ಲೂಪ್ ಆಗಲೇ ಮೂರನೆಯ ಜಾಗಕ್ಕೆ ಹೋಗಿಯಾಗಿತ್ತು. ಉಳಿಸಬೇಕಾದ್ದನ್ನು ಹೊಸ ಪಟ್ಟಿಗೆ ಸೇರಿಸುತ್ತ ಹೋದರೆ ತೊಂದರೆ ತೀರಿತು. ಲೂಪ್ ಸುತ್ತುತ್ತಿರುವ ಪಟ್ಟಿಗೆ ಕೈ ಹಾಕಬಾರದು ಎಂಬ ನಿಯಮವನ್ನು ನೋಟ್ಸಿನಲ್ಲಿ ಓದಿದವರು ಮರೆಯಬಹುದು. ಸೊನ್ನೆ ಸರಿದದ್ದನ್ನು ನೋಡಿದವರು ಮರೆಯುವುದಿಲ್ಲ.

ಡಿಬಗ್ಗರ್‌ನ ನಿಜವಾದ ಬೆಲೆ ಆ ಕಾಗದದಲ್ಲಿದೆ. ಊಹಿಸದೆ ಪಟಪಟ ಕೀಲಿ ಒತ್ತುತ್ತ ಹೋದರೆ ಸಾಲುಗಳು ಸುಮ್ಮನೆ ಸರಿಯುತ್ತವೆ. ಊಹೆ ಬರೆದು ಒತ್ತಿದರೆ, ಅದು ತಪ್ಪಿದ ಜಾಗದಲ್ಲೇ ಕಲಿಕೆ ಶುರು.

ನೌಬಾದ್‌ನ ಸುರಂಗ ಬಾವಿಗಳನ್ನು ಬೀದರ್‌ನವರು ಬಲ್ಲರು. ನೆಲದಡಿ ಹರಿಯುವ ನೀರನ್ನು ನೋಡಲು, ಹೂಳು ತೆಗೆಯಲು ಬಹಮನಿ ಕಾಲದವರು ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿ ಇಳಿಸಿದರು. ಬ್ರೇಕ್‌ಪಾಯಿಂಟ್ ಕೂಡ ಅಂಥದೇ ಬಾವಿ. ಎಲ್ಲಿ ಇಳಿಸಬೇಕೆಂದು ಗೊತ್ತಾಗುವುದೇ ಕೈ ಪಳಗಿದ ಗುರುತು: ಸಾವಿರ ಸುತ್ತಿನ ಲೂಪಿನಲ್ಲಿ ಪ್ರತಿ ಸುತ್ತಿಗೂ ನಿಲ್ಲುವುದಲ್ಲ, ಅನುಮಾನ ಹುಟ್ಟಿದ ಬೆಲೆ ಬಂದಾಗ ಮಾತ್ರ ನಿಲ್ಲು ಎಂದು ಷರತ್ತು ಹಾಕುವುದು.

ಹೊಸಬರು ಎಡವುವ ಎರಡು ಜಾಗ ಹೇಳಿಬಿಡುತ್ತೇನೆ. ಬಾಣದ ಗುರುತು ತೋರಿಸುವ ಸಾಲು ಇನ್ನೂ ನಡೆದಿಲ್ಲ, ಈಗ ನಡೆಯಲಿದೆ. ಇದು ತಿಳಿಯದಿದ್ದರೆ ಬೆಲೆ ಬದಲಾಗಿಲ್ಲವಲ್ಲ ಎಂಬ ಗೊಂದಲ. ಎರಡನೆಯದು, ಫ್ಯಾಕ್ಟೋರಿಯಲ್ ಪ್ರೋಗ್ರಾಂನಲ್ಲಿ ವೇರಿಯಬಲ್ ಹೆಸರು ಸಾಮಾನ್ಯವಾಗಿ ಎನ್. ಅದರ ಬೆಲೆ ನೋಡಲು ಬರೀ ‘ಎನ್’ ಬರೆದರೆ ಪಿಡಿಬಿ ಅದನ್ನು ಆದೇಶವೆಂದು ತಿಳಿದು ಒಂದು ಸಾಲು ಮುಂದೆ ಹೋಗಿಬಿಡುತ್ತದೆ. ‘ಪಿ ಎನ್’ ಎಂದೇ ಕೇಳಬೇಕು.

ರಿಕರ್ಷನ್‌ಗೆ ಹೆದರುವವರು ಅದೇ ಫ್ಯಾಕ್ಟೋರಿಯಲ್‌ಗೆ 4 ಕೊಟ್ಟು ‘ಎಸ್’ ಒತ್ತುತ್ತ ಒಳಗಿಳಿಯಲಿ. ನಡುವೆ ‘ಡಬ್ಲ್ಯು’ ಎಂದರೆ 4, 3, 2, 1ಕ್ಕಾಗಿ ಕರೆದ ಕರೆಗಳು ಸಾಲಾಗಿ ಕಾಯುತ್ತಿರುವುದು ಕಾಣುತ್ತದೆ. ಮರಳುವಾಗ 1, 2, 6, 24 ಎಂದು ಒಂದೊಂದಾಗಿ ಉತ್ತರ ಬರುತ್ತದೆ. ಕನ್ನಡ, ಮರಾಠಿ, ಉರ್ದು ಮಾಧ್ಯಮದಲ್ಲಿ ಓದಿ ಬಂದ ಮಗುವಿಗೆ ಇಂಗ್ಲಿಷ್ ಪುಸ್ತಕದ ಒಂದು ಪುಟದ ವಿವರಣೆ ಭಾರವಾಗಬಹುದು. ಈ ನಾಲ್ಕು ಅಂಕಿ ಆಗುವುದಿಲ್ಲ. ಗಡಿ ಜಿಲ್ಲೆಯ ನಮಗೆ ಡಿಬಗ್ಗರ್ ಹೆಚ್ಚು ಬೇಕು ಅನ್ನುವುದು ಅದಕ್ಕೇ.

ಡಿಬಗ್ಗರ್ ಬೇಡವೆನ್ನುವ ದೊಡ್ಡವರಿದ್ದಾರೆ. ಲಿನಕ್ಸ್‌ನ ಲೀನಸ್ ಟೊರ್ವಾಲ್ಡ್ಸ್ ತನಗದು ಹಿಡಿಸದೆಂದು 2000ದಲ್ಲೇ ಬರೆದರು. ಬ್ರಯಾನ್ ಕರ್ನಿಗನ್ ಮತ್ತು ರಾಬ್ ಪೈಕ್ 1999ರ ತಮ್ಮ ಪುಸ್ತಕದಲ್ಲಿ ಹೆಜ್ಜೆ ಹೆಜ್ಜೆ ನಡೆಸುವುದಕ್ಕಿಂತ ಚೆನ್ನಾಗಿ ಯೋಚಿಸಿ ಆಯ್ದ ಜಾಗದಲ್ಲಿ ಪ್ರಿಂಟ್ ಹಾಕುವುದೇ ಮೇಲು ಎಂದರು. ಅವರ ಮಾತಿಗೆ ತೂಕವಿದೆ. ಆದರೆ ಅವರು ಯಂತ್ರದ ನಡೆಯನ್ನು ಮನಸ್ಸಿನಲ್ಲೇ ಕಾಣಬಲ್ಲವರು. ಆ ನೋಟ ಇನ್ನೂ ಮೂಡದವರಿಗೆ ಅದನ್ನು ಮೂಡಿಸುವುದು ಹೆಜ್ಜೆ ಹಾಕುವ ಅಭ್ಯಾಸವೇ.

ಆದ್ದರಿಂದ ವಿದ್ಯಾರ್ಥಿಗಳೇ, ಕೆಟ್ಟ ಪ್ರೋಗ್ರಾಂಗಾಗಿ ಕಾಯಬೇಡಿ. ಸರಿಯಾಗಿ ನಡೆಯುವ, ನಿಮಗೆ ಬಾಯಿಪಾಠವಾಗಿರುವ ಒಂದನ್ನೇ ಈ ವಾರ ಸಾಲು ಸಾಲಾಗಿ ನಡೆಸಿ. ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಡಿಬಗ್ಗರ್ ಪಾಠವನ್ನು ಮೊದಲ ಲ್ಯಾಬಿನಲ್ಲೇ ಮಾಡಿ. ವೈವಾದಲ್ಲಿ ವ್ಯಾಖ್ಯೆ ಕೇಳುವ ಬದಲು ಪ್ರೋಗ್ರಾಂ ಅನ್ನು ನಡುವೆ ನಿಲ್ಲಿಸಿ, ಮುಂದೆ ಯಾವ ಸಾಲು, ಯಾವ ಬೆಲೆ ಎಂದು ಕೇಳಿ. ಆ ಪ್ರಶ್ನೆಗೆ ಬಾಯಿಪಾಠದಿಂದ ಉತ್ತರ ಕೊಡಲಾಗದು. ಕೊಟ್ಟವರು ಪ್ರೋಗ್ರಾಂ ಕಲಿತಿದ್ದಾರೆಂದು ಧೈರ್ಯವಾಗಿ ಅಂಕ ಹಾಕಬಹುದು.